ಮತ್ತೆ ಬನ್ನಿ ಅನ್ನಬಾರದ ಗಿರಾಕಿ

ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ಈಚೆಗೆ ಇಂದಿರಾನಗರದ ದೊಡ್ಡ ಸೀರೆ ಮಳಿಗೆಯೊಂದಕ್ಕೆ ಕೆಲಸಕ್ಕೆ ಸೇರಿದರು. ಸೇರುವ ಹಿಂದಿನ ದಿನ ನಮ್ಮ ಮನೆಗೆ ಬಂದು, "ಆಂಟಿ, ನೀವು ಅಷ್ಟು ವರ್ಷ ಕಮರ್ಷಿಯಲ್ ಸ್ಟ್ರೀಟಲ್ಲಿ ಸೀರೆ ಮಾರಿದ್ದೀರಲ್ಲ, ಏನಾದ್ರೂ ಟಿಪ್ಸ್ ಕೊಡಿ" ಅಂದರು. ಉಪ್ಪಿನಕಾಯಿ ಹಾಕುವುದನ್ನು ಹೇಳಿಕೊಟ್ಟ ಹಾಗೆ ಹೇಳಿಕೊಡುವ ಕೆಲಸವೇ ಅದು? ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ, ಮಧ್ಯೆ ಮಧ್ಯೆ ನೀರು ಕುಡಿಯಿರಿ, ಗಿರಾಕಿಯ ಮುಂದೆ ಆಕಳಿಸಬೇಡಿ ಅಂತ ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಲೇಬೇಕಾದದ್ದನ್ನು ಹೇಳಲಿಲ್ಲವಲ್ಲ ಅನ್ನಿಸಿತು. ಅದನ್ನು ಹೇಳಬೇಕಾದರೆ ಶಾಂತಾ ವಿಷಯ ಹೇಳಬೇಕು. ಶಾಂತಾ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅವಳ ವಿಷಯ ಬಾಯಲ್ಲಿ ಹೇಳಲು ನನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಪ್ರಭಾವತಿ, ದೊಮ್ಮಲೂರಿನವಳು. ಈಗ ರಿಂಗ್ ರೋಡಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುವ ಜಾಗದ ಆಸುಪಾಸಿನಲ್ಲಿ ನಮ್ಮಪ್ಪ ಕೊತ್ತಂಬರಿ, ಮೂಲಂಗಿ ಬೆಳೆಯುತ್ತಿದ್ದರು. ಹೊಲ ಹೋದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೊರಗಿನ ಕೆಲಸಕ್ಕೆ ಹೊರಟರು. ಕೆಲವರು ಗಾರ್ಮೆಂಟ್ಸಿಗೆ ಹೋದರು, ನಾನು ಸೀರೆ ಅಂಗಡಿಗೆ ಹೋದೆ. ಆಗ ಸೀರೆ ಅಂಗಡಿಗಳಲ್ಲಿ ಮಾರುತ್ತಿದ್ದವರು ಹೆಚ್ಚಾಗಿ ಗಂಡಸರೇ. ಹೆಂಗಸರನ್ನು ಸೇರಿಸಿಕೊಳ್ಳುತ್ತಿದ್ದದ್ದು ಹೆಗಲಿಗೋಸ್ಕರ. ಸೆರಗನ್ನು ನಮ್ಮ ಹೆಗಲ ಮೇಲೆ ಹಾಕಿ, ನೆರಿಗೆ ಹಿಡಿದು, "ನೋಡಿ ಮೇಡಂ, ಉಟ್ರೆ ಹಿಂಗೆ ಕಾಣುತ್ತೆ" ಅಂತ ತೋರಿಸಬೇಕು. ಬೆಳಗಿನಿಂದ ಸಂಜೆಯವರೆಗೆ ರೇಷ್ಮೆಯಲ್ಲೇ ಇದ್ದು, ಸಂಜೆ ನಮ್ಮ ನೈಲೆಕ್ಸ್ ಸೀರೆಯಲ್ಲಿ ಬಸ್ ಹತ್ತುತ್ತಿದ್ದೆವು.

ಅಂಗಡಿ ಇದ್ದದ್ದು ಮುಖ್ಯರಸ್ತೆಯಿಂದ ಒಳಗೆ, ಒಂದು ಗಲ್ಲಿಯಲ್ಲಿ. ಬಿಳಿ ಬಟ್ಟೆ ಹೊದಿಸಿದ ಗಾದಿ, ಮೂರು ಗೋಡೆಗೂ ಕಪಾಟು, ಒಂದು ನಿಲುವುಗನ್ನಡಿ. ಯಜಮಾನರನ್ನು ಎಲ್ಲರೂ ಸೇಠ್ ಅನ್ನುತ್ತಿದ್ದೆವು. ಅವರ ಕೆಳಗೆ, ನಮಗೆಲ್ಲ ಮೇಲೆ, ನಜೀರ್ ಸಾಹೇಬರು. ಶಿವಾಜಿನಗರದವರು. ಬಿಳಿ ಜುಬ್ಬಾದ ಮೇಲೆ ಒಂದು ಸುಕ್ಕಿಲ್ಲ, ಬಾಯಲ್ಲಿ ಸದಾ ಒಂದು ಏಲಕ್ಕಿ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಗಿರಾಕಿಯ ಬಾಯಿಂದ ಯಾವ ಭಾಷೆ ಬರುತ್ತದೋ ಅದು. ಹೆಗಲು ಕೊಡಲು ನಾನು ಮತ್ತು ಶಾಂತಾ. ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ಹಲಸೂರಿನವಳು, ಮನೆಮಾತು ತಮಿಳು. ಹುಟ್ಟಿದ್ದು ಕೋಲಾರದ ಗಣಿ ಕಡೆ. ಅಪ್ಪ ಅಮ್ಮ ಹೋಗಿದ್ದರು, ಇದ್ದೊಬ್ಬ ಅಣ್ಣನೂ ಮದುವೆಗೆ ಮೊದಲೇ ಹೋಗಿಬಿಟ್ಟಿದ್ದ. ಗಂಡ ಮುರುಗೇಶ್ ಆಟೋ ಓಡಿಸುತ್ತಿದ್ದ, ಒಬ್ಬಳು ಮಗಳು. ಶಾಂತಾ ನನ್ನನ್ನು ಮೊದಲ ದಿನದಿಂದ ಅಕ್ಕಾ ಅಂದಳು. ಕೊನೆಯವರೆಗೂ ನಾನು ಅವಳಿಗೆ ಅಕ್ಕನೇ.

ನನ್ನ ಮೊದಲ ದೊಡ್ಡ ಎಡವಟ್ಟನ್ನು ಹೇಳುತ್ತೇನೆ. ಸೇರಿದ ಹೊಸತು. ಬೆಳಿಗ್ಗೆ ಬಾಗಿಲು ತೆಗೆದು ಸಾಂಬ್ರಾಣಿ ಹಾಕಿದ ಹೊಗೆ ಇನ್ನೂ ಆಡುತ್ತಿತ್ತು. ವಯಸ್ಸಾದವರೊಬ್ಬರು ಬಂದು ಗಾದಿಯ ಅಂಚಿನಲ್ಲಿ ಕೂತು, "ಒಂದು ಒಳ್ಳೆ ಸೀರೆ ಕೊಡಮ್ಮ" ಅಂದರು. ಬೋಣಿ ಗಿರಾಕಿ ಅಂತ ನಾನು ಹುರುಪಿನಲ್ಲಿ ಹತ್ತು ಸೀರೆ ಬಿಚ್ಚಿ ಹೆಗಲಿಗೆ ಹಾಕಿ ಹಾಕಿ ತೋರಿಸಿದೆ. ಅವರು ಒಂದನ್ನೂ ಮುಟ್ಟಿ ನೋಡಲಿಲ್ಲ. "ಅದೇ ಆಗ್ಲಿ" ಅಂತ ಮೊದಲನೆಯದನ್ನೇ ತೋರಿಸಿದರು. ನಾನು ಬಿಡಬೇಕಲ್ಲ, "ಫಾಲ್ ಹಾಕ್ಸಿ ಕೊಡ್ಲಾ ಸರ್? ಎರಡು ದಿನದಲ್ಲಿ ಆಗುತ್ತೆ" ಅಂದೆ. ಅವರು ನನ್ನ ಮುಖ ನೋಡಿ, "ಎರಡು ದಿನ ಇಟ್ಕೊಳ್ಳೋಕಾಗಲ್ಲಮ್ಮ" ಅಂದರು. ನನಗೆ ಆಗಲೂ ಹೊಳೆಯಲಿಲ್ಲ. ಪೊಟ್ಟಣ ಕೈಗೆ ಕೊಡುವಾಗ ನಗುನಗುತ್ತಾ "ಮತ್ತೆ ಬನ್ನಿ" ಅಂದೆ. ಆ ಮನುಷ್ಯ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು.

ನಜೀರ್ ಸಾಹೇಬರು ಎಲ್ಲರ ಮುಂದೆ ಬೈಯಲಿಲ್ಲ. ಚಹಾ ಬಂದ ಮೇಲೆ ಕರೆದು ಕೂರಿಸಿಕೊಂಡರು.

"ಬೇಟಿ, ಅವ್ರ ಮನೆಯಾಕೆ ಹೋಗಿದ್ದಾರೆ. ಹೊದಿಸೋಕೆ ಸೀರೆ ಅದು. ನಿಂಗೆ ಗೊತ್ತಾಗ್ಲಿಲ್ಲ, ಗೊತ್ತಾಗೋ ವಯಸ್ಸಲ್ಲ. ಇನ್ಮೇಲೆ ತಿಳ್ಕೋ. ಬಟ್ಟೆ ಮುಟ್ಟಿ ನೋಡಲ್ಲ, ಗಡಿಯಾರ ನೋಡ್ತಾರೆ. ಅಂಥೋರಿಗೆ ಫಾಲ್ ಮಾತು ಎತ್ಬಾರ್ದು. ಆ ಸೀರೆ ನಿನ್ನ ಹೆಗಲಿಗೆ ಹಾಕ್ಬಾರ್ದು, ಬದುಕಿರೋರ ಮೇಲೆ ಹಾಕೋದು ಬ್ಯಾಡ. ಗಾದಿ ಮೇಲೇ ಬಿಚ್ಚಿ ತೋರ್ಸು. ಮತ್ತೆ ಬನ್ನಿ ಅನ್ನೋ ಮಾತಂತೂ ಬಾಯಿಗೆ ಬರ್ಲೇಬಾರ್ದು. ಇಂಥ ಕೆಲಸಕ್ಕೆ ಇನ್ನೊಂದ್ ಸಲ ಬನ್ನಿ ಅಂತ ಯಾರನ್ನ ಕರೀತೀಯ?"

ನಾನು ಅತ್ತುಬಿಟ್ಟೆ. ಅವರು ಏಲಕ್ಕಿ ಕೊಟ್ಟರು. "ರೋನಾ ನಕ್ಕೋ, ಅಳ್ಬೇಡ. ಅವ್ರು ನಿನ್ನ ಮೇಲೆ ಬೇಜಾರು ಮಾಡ್ಕೊಂಡಿಲ್ಲ. ಅವ್ರಿಗೆ ಇವತ್ತು ಯಾವ್ದೂ ಕೇಳ್ಸಿರಲ್ಲ" ಅಂದರು.

ಈಗ ಸೇರುವ ಮಕ್ಕಳಿಗೆ ತರಬೇತಿ ಕೊಡುತ್ತಾರಂತೆ. ಹೇಗೆ ನಗಬೇಕು, ಒಂದು ಸೀರೆ ಕೇಳಿದವರಿಗೆ ಎರಡನೆಯದನ್ನು ಹೇಗೆ ತೋರಿಸಬೇಕು, ಎಲ್ಲ ಹೇಳಿಕೊಡುತ್ತಾರೆ. ಎಲ್ಲಿ ನಗಬಾರದು ಅನ್ನುವುದನ್ನು ಯಾರಾದರೂ ಹೇಳಿಕೊಡುತ್ತಾರೋ ಇಲ್ಲವೋ ನನಗೆ ಅನುಮಾನವಿತ್ತು.

ಕಲಿತ ವಿದ್ಯೆ ಒಮ್ಮೆ ಕೈಕೊಟ್ಟಿದ್ದೂ ಉಂಟು. ಕೆಲವು ವರ್ಷಗಳಾದ ಮೇಲೆ ಒಬ್ಬ ಯುವಕ ಬಂದ. ಬೆಳಿಗ್ಗೆಯೇ ಬಂದ, ಒಂದೇ ಸೀರೆ ಸಾಕು ಅಂದ, ಮುಟ್ಟಿ ನೋಡಲಿಲ್ಲ, ಗಡಿಯಾರ ನೋಡುತ್ತಿದ್ದ, ಕಣ್ಣು ಕೆಂಪಗಿತ್ತು. ಸರಿ, ಇದು ಅದೇ ಅಂದುಕೊಂಡೆ. ದನಿ ತಗ್ಗಿಸಿ, ಗಾದಿಯ ಮೇಲೇ ಸೀರೆ ಬಿಚ್ಚಿ, ಮುಖ ಸಣ್ಣದು ಮಾಡಿಕೊಂಡು, ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಟ್ಟು ತಲೆ ತಗ್ಗಿಸಿ ನಿಂತೆ. ಅವನು ಗಾಬರಿಯಾಗಿ ನನ್ನನ್ನೂ ಸೀರೆಯನ್ನೂ ನೋಡುತ್ತಾ ಹೋದ. ಅದೇ ವಾರ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ರಿಜಿಸ್ಟರ್ ಮದುವೆ, ಮನೆಯವರು ಯಾರೂ ಒಪ್ಪಿರಲಿಲ್ಲ, ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. "ಆವತ್ತು ನೀವು ಯಾಕೆ ಮೇಡಂ ಹಂಗೆ ನೋಡಿದ್ರಿ? ಈ ಮದ್ವೆ ನಿಲ್ಲಲ್ಲ ಅಂತ ನಿಮ್ಗೂ ಅನ್ನಿಸ್ತಾ ಅಂತ ನಂಗೆ ಭಯ ಆಗೋಯ್ತು" ಅಂದ. ಶಾಂತಾ ಕಪಾಟಿನ ಕಡೆ ತಿರುಗಿ ನಿಂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆಮೇಲೆ ಎಷ್ಟೋ ವರ್ಷ, ನಾನು ಯಾವುದಕ್ಕಾದರೂ ಮುಖ ಗಂಟು ಹಾಕಿಕೊಂಡರೆ, "ಅಕ್ಕಾ, ಮದ್ವೆ ಮುಖ ಮಾಡ್ಬೇಡಿ" ಅನ್ನುತ್ತಿದ್ದಳು.

ಇನ್ನು ಗಿರಾಕಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳುವುದಾದರೆ ಕೇಳಿ, ಕೇಳದಿದ್ದರೂ ಹೇಳುತ್ತೇನೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆಯನ್ನು ಸೀರೆ ಕೊಳ್ಳುವವರನ್ನು ನೋಡಿಯೇ ಕಟ್ಟಿರಬೇಕು. ರಾಶಿ ಸೀರೆ ಬಿಚ್ಚಿಸಿದವರು ಕೊನೆಗೆ ಮೊದಲು ಕಣ್ಣಿಗೆ ಬಿದ್ದದ್ದನ್ನೇ ಒಯ್ಯುತ್ತಾರೆ. ಬೇಸರಪಡಬೇಡಿ. ಅವರು ಕೊಳ್ಳಲು ಮಾತ್ರ ಬಂದಿರುವುದಿಲ್ಲ. ಮನೆಯಲ್ಲಿ ನಿಮಗೇನು ಬೇಕು ಅಂತ ಯಾರೂ ಕೇಳದ ಹೆಂಗಸನ್ನು ಆ ಅರ್ಧ ದಿನ ನಾವು ಕೇಳುತ್ತೇವೆ. ಹೆಂಡತಿಯ ಜೊತೆ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ತೂಕಡಿಸುವ ಗಂಡನನ್ನು ಎಬ್ಬಿಸಬೇಡಿ, ಎಚ್ಚರವಾದರೆ ಬೆಲೆ ಕೇಳುತ್ತಾನೆ. ಅತ್ತೆ ಸೊಸೆ ಒಟ್ಟಿಗೆ ಬಂದರೆ ಮೊದಲು ಅತ್ತೆಗೆ ತೋರಿಸಿ. ಧಾರಾವಾಹಿ ನೋಡಿ ಬಂದವರು ಬೇರೆಯೇ ಜಾತಿ. "ನಿನ್ನೆ ಆ ದೊಡ್ಡ ಸೊಸೆ ಆಸ್ಪತ್ರೆಗೆ ಹೋಗುವಾಗ ಉಟ್ಟಿದ್ಲಲ್ಲ, ಆ ಸೀರೆ" ಅಂತ ಕೇಳುತ್ತಾರೆ. ನಾನು ಅಂಥದ್ದನ್ನು ನೋಡುವವಳಲ್ಲ. ಶಾಂತಾ ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ, ತಮಿಳಿನದ್ದು, ಕನ್ನಡದ್ದು ಎರಡೂ. ಕಥೆ ಯಾವಳಿಗೆ ಬೇಕು ಅಕ್ಕಾ, ನಂಗೆ ಸೀರೆ ನೋಡ್ಬೇಕು ಅನ್ನುತ್ತಿದ್ದಳು. ಆದರೆ ಯಾರಾದರೂ ಸತ್ತ ಕಂತಿನ ಮರುದಿನ ಅವಳ ಕಣ್ಣು ಊದಿರುತ್ತಿತ್ತು. ಅವಳ ದಯದಿಂದ ನಮ್ಮ ಅಂಗಡಿಯಲ್ಲಿ ಸೋಮವಾರ ಕೇಳಿದ ಸೀರೆ ಬುಧವಾರ ಸಿಗುತ್ತಿತ್ತು. ಸೇಠ್ ಅದನ್ನು ತಮ್ಮ ಜಾಣತನ ಅಂತ ಹೇಳಿಕೊಳ್ಳುತ್ತಿದ್ದರು.

ಸೇಠ್ ಕೆಟ್ಟವರಲ್ಲ. ಹುಷಾರಿಲ್ಲದಿದ್ದರೆ ರಜೆ ಕೊಡುತ್ತಿದ್ದರು, ಸಂಬಳ ತಪ್ಪಿಸಿದವರಲ್ಲ. ಆದರೆ ಅವರ ಒಂದು ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಾನು ಕೆಂಪಗಿದ್ದೆ, ಶಾಂತಾ ಕಪ್ಪಗಿದ್ದಳು. ತಿಳಿಬಣ್ಣದ ಸೀರೆ ಅವಳು ಹೆಗಲಿಗೆ ಹಾಕಿದರೆ ಸೇಠ್ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ, "ಶಾಂತಾ, ಅದು ನಿನ್ ಮೇಲೆ ಬೇಡ. ಪ್ರಭಾಗೆ ಕೊಡು. ಮಾಲು ಹೋಗಲ್ಲ" ಅನ್ನುತ್ತಿದ್ದರು. ಗಿರಾಕಿಯ ಎದುರಿಗೇ ಅನ್ನುತ್ತಿದ್ದರು. ಅವಳು "ಸರಿ ಸೇಠ್" ಅಂತ ಮಡಿಕೆ ಕೆಡದ ಹಾಗೆ ತೆಗೆದು ನನ್ನ ಹೆಗಲಿಗೆ ಹಾಕುತ್ತಿದ್ದಳು. ಅವಳ ಪಾಲಿಗೆ ಮರೂನು, ಬದನೆಕಾಯಿ ಬಣ್ಣ, ಕಾಫಿಪುಡಿ ಬಣ್ಣ. ದೀಪಾವಳಿಗೆ ಕೆಲಸದವರಿಗೆ ಕೊಡುತ್ತಿದ್ದ ಸೀರೆಯೂ ಅವಳಿಗೆ ಪ್ರತಿವರ್ಷ ಮರೂನೇ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ದೊಡ್ಡವರು ಹೇಳಿದ್ದು ನಿಜ, ಆದರೆ ಆ ಪರರು ಯಾರು ಅನ್ನುವುದನ್ನು ಹೇಳಲಿಲ್ಲ.

ಅವಳಿಗೆ ಇಷ್ಟವಿದ್ದದ್ದು ಬಾಳೆ ಸುಳಿಯ ಹಸಿರು. ಬಾಳೆಯ ಎಲೆ ಬಿಚ್ಚಿಕೊಳ್ಳುವ ಮೊದಲು ಸುರುಳಿಯಾಗಿರುತ್ತದಲ್ಲ, ಅದರ ಬಣ್ಣ. ಅಂಚು ನೇರಳೆ ಇರಬೇಕು. ಅಂಥ ಸೀರೆ ಬಂದಾಗಲೆಲ್ಲ ಅದನ್ನು ಮಡಿಸುವ ಕೆಲಸ ತಾನೇ ತೆಗೆದುಕೊಳ್ಳುತ್ತಿದ್ದಳು. ಒಂದು ಶುಕ್ರವಾರ ಮಧ್ಯಾಹ್ನ ನಜೀರ್ ಸಾಹೇಬರು ನಮಾಜಿಗೆ ಹೋಗಿದ್ದರು, ಸೇಠ್ ಊಟಕ್ಕೆ ಹೋಗಿದ್ದರು, ಅಂಗಡಿ ಖಾಲಿ. ನಾನೇ ಬಲವಂತ ಮಾಡಿದೆ. ಅವಳು ಆ ಸೆರಗನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು ಅಂದರೆ ನನಗೆ ಒಂದು ಕ್ಷಣ ಹೊಟ್ಟೆಕಿಚ್ಚೇ ಆಯಿತು.

"ತಗೊಳ್ಳೇ. ಕಂತಲ್ಲಿ ಕಟ್ಟಿದ್ರಾಯ್ತು" ಅಂದೆ.

"ಬೇಡ ಅಕ್ಕಾ."

"ಯಾಕೆ ಬೇಡ? ಕನ್ನಡೀಲಿ ಕಾಣ್ತಿಲ್ವಾ?"

"ಕಾಣ್ತಿದೆ. ಆದ್ರೆ ನಂಗೆ ಸೇಠ್ ದನಿಯೇ ಕೇಳುತ್ತೆ ಅಕ್ಕಾ. ಇದನ್ನ ಉಟ್ಕೊಂಡು ಎಲ್ಲಿಗೆ ಹೋದ್ರೂ ಯಾರೋ ಹಿಂದಿನಿಂದ, ಅದು ನಿನ್ ಮೇಲೆ ಬೇಡ ಅಂದಂಗಾಗುತ್ತೆ" ಅಂದಳು. ಅವಸರದಲ್ಲಿ ಮಡಿಸಿ ಕಪಾಟಿಗೆ ಇಟ್ಟಳು. ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ನಮಗೂ ಸುಖಗಳಿದ್ದವು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾಲ್ಕು ಗಂಟೆಯ ಚಹಾಕ್ಕೆ ಒಂದು ಬೆಣ್ಣೆ ಬಿಸ್ಕತ್ತು ಮುರಿದು ಅರ್ಧರ್ಧ. ಸಂಜೆ ಅಂಗಡಿಯಿಂದ ಶಿವಾಜಿನಗರದ ಬಸ್ ನಿಲ್ದಾಣಕ್ಕೆ ನಡೆಯುವ ದಾರಿ. ರಸಲ್ ಮಾರ್ಕೆಟ್ಟಿನ ಎದುರು ಹೂವಿನವಳ ಹತ್ತಿರ ಮಲ್ಲಿಗೆ, ಕಾಲಕ್ಕೆ ತಕ್ಕ ಹಾಗೆ ಪ್ಲಮ್ಮೋ ಸೀತಾಫಲವೋ. ದಿನವೆಲ್ಲ ಚೌಕಾಸಿ ಕೇಳಿ ಕೇಳಿ ಸಾಕಾಗಿರುತ್ತಿತ್ತು, ಆದ್ದರಿಂದ ನಾವಿಬ್ಬರೂ ಯಾರ ಹತ್ತಿರವೂ ಚೌಕಾಸಿ ಮಾಡುತ್ತಿರಲಿಲ್ಲ. ಹೂವಿನವಳಿಗೆ ನಮ್ಮನ್ನು ಕಂಡರೆ ಬಲು ಪ್ರೀತಿ. ಬಸ್ಸಿನಲ್ಲಿ ಅವಳ ಹೆಗಲಿಗೆ ನನ್ನ ತಲೆ, ಹಲಸೂರು ಬಂದಾಗ ನನ್ನನ್ನು ತಿವಿದು ಎಬ್ಬಿಸಿ, "ಬರ್ತೀನಿ ಅಕ್ಕಾ" ಅಂತ ಇಳಿಯುತ್ತಿದ್ದಳು.

ಆ ಚಹಾದ ಹೊತ್ತಿನಲ್ಲೇ ಒಂದು ದಿನ ಮಾತು ಬಂತು. ಅವತ್ತು ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರು ಬಂದು ಶಾಂತಾ ಕೈಯಿಂದ ಒಂದು ಸೀರೆ ಒಯ್ದಿದ್ದರು. ಅವಳು ಗಾದಿಯ ಮೇಲೇ ಬಿಚ್ಚಿ ತೋರಿಸಿ, ಮಾತಿಲ್ಲದೆ ಕೊಟ್ಟು ಕಳಿಸಿದ್ದಳು.

"ಅವ್ರ ಅಕ್ಕನಿಗೆ ತಗೊಂಡು ಹೋದ್ರು. ಪಿರಂದ ವೀಟ್ಟು ಕೋಡಿ" ಅಂದಳು.

ತವರಿನ ಸೀರೆ. ನಮ್ಮಲ್ಲೂ ಇದೆ. ಹೆಣ್ಣುಮಗಳು ಹೋದರೆ ತವರಿನಿಂದ ಹೊಸ ಸೀರೆ ಬರಬೇಕು. ಬರದೆ ಎತ್ತಿದರೆ ಹಿಂದೆ ಮುಂದೆ ಇಲ್ಲದವಳು ಅಂತ ನಾಲ್ಕು ಜನ ಆಡುತ್ತಾರೆ.

"ನಂಗೆ ಯಾರು ತರ್ತಾರೆ ಅಂತ ಯೋಚ್ನೆ ಬಂತು ಅಕ್ಕಾ."

"ಬಿಡ್ತು ಅನ್ನು."

"ಬಿಡ್ತು. ಆದ್ರೂ ಯಾರು? ಅಣ್ಣ ಇದ್ದಿದ್ರೆ ಅವನು ತರ್ತಿದ್ದ." ಬಿಸ್ಕತ್ತಿನ ಅರ್ಧ ಅವಳ ಕೈಯಲ್ಲೇ ಇತ್ತು.

"ನಾನಿಲ್ವೇನೇ? ನಾನು ತರ್ತೀನಿ. ನಾನೇ ಮೊದ್ಲು ಹೋದ್ರೆ ನೀನು ತಗೊಂಡು ಬಾ. ಲೆಕ್ಕ ಸರಿಹೋಯ್ತು."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಮಾತು ಅಂದ್ರೆ ಮಾತು ಅಕ್ಕಾ. ಮರೂನ್ ಮಾತ್ರ ತರ್ಬೇಡಿ" ಅಂದಳು.

ಕಾಲ ಸರಿಯಿತು. ನಜೀರ್ ಸಾಹೇಬರು ಒಂದು ರಂಜಾನಿನಲ್ಲಿ ಹೋಗಿಬಿಟ್ಟರು. ಸೇಠ್ ಮಂಡಿನೋವು ಅಂತ ಮನೆಯಲ್ಲಿ ಕೂತರು. ಮಗ ಅಂಗಡಿಯನ್ನು ಒಡೆಸಿ ಮುಖ್ಯರಸ್ತೆಗೆ ಬಾಗಿಲು ಬರುವ ಹಾಗೆ ಮೂರು ಮಹಡಿ ಕಟ್ಟಿಸಿದ. ಗಾದಿ ಹೋಗಿ ಗಾಜಿನ ಕೌಂಟರ್ ಬಂತು, ಕೂತು ಮಾರಿದವರು ನಿಂತು ಮಾರಿದೆವು. ಗಿರಾಕಿಗಳು ಫೋನಿನಲ್ಲಿ ಚಿತ್ರ ಹಿಡಿದು ಬಂದರು. ಫೋನಿನ ಬಣ್ಣವೇ ಬೇರೆ, ನೂಲಿನ ಬಣ್ಣವೇ ಬೇರೆ ಅಂತ ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. ಆಮೇಲೆ ಅಂಗಡಿಗೆ ಬರುವುದನ್ನೇ ಕೆಲವರು ಬಿಟ್ಟರು. ಹುಡುಗಿಯರು ಫೋನಿನ ಮುಂದೆ ನಿಂತು, ಮೈಗೆ ಸೀರೆ ಹಿಡಿದು, "ಸ್ಕ್ರೀನ್‌ಶಾಟ್ ತೆಗೆದು ಕಳ್ಸಿ ಮೇಡಂ" ಅನ್ನುವ ಕಾಲ ಬಂತು. ಅದನ್ನು ನಾನು ಹಳಿಯುವುದಿಲ್ಲ. ಹುಡುಗಿಯರು ಎದುರಿಗೆ ಮನುಷ್ಯರೇ ಇಲ್ಲದೆ ಹೇಗೆ ಅಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತ ಮೆಚ್ಚಿಕೊಳ್ಳುತ್ತೇನೆ. ಆದರೆ ಅಲ್ಲಿ ಯಾರು ಅಳುತ್ತಾ ಕೊಂಡರು ಅನ್ನುವುದು ಅವರಿಗೆ ತಿಳಿಯುವುದಿಲ್ಲ.

ವಯಸ್ಸಾದ ಹೆಗಲು ಹೊಸ ಅಂಗಡಿಗೆ ಬೇಕಿರಲಿಲ್ಲ. ನನ್ನನ್ನು ಸ್ವಲ್ಪ ದಿನ ಬಿಲ್ಲಿಂಗ್ ಹತ್ತಿರ ನಿಲ್ಲಿಸಿದರು, ಕಾಲು ಊದುತ್ತಿತ್ತು, ಬಿಟ್ಟೆ. ಹೊರಡುವ ದಿನ ಶಾಲು ಹೊದಿಸಿ ಫೋಟೋ ತೆಗೆದರು. ಶಾಂತಾಳನ್ನು ಮೊದಲೇ ಕೆಳಗಿನ ಸ್ಟಾಕ್ ರೂಮಿಗೆ ಹಾಕಿದ್ದರು, ಬಿಚ್ಚಿದ ಸೀರೆ ಮಡಿಸುವ ಕೆಲಸ. ಮಗಳ ಮದುವೆಯ ಸಾಲ ತೀರಬೇಕಿತ್ತು, ಅವಳು ಬಿಡಲಿಲ್ಲ. ಫೋನ್ ಮಾಡುತ್ತಿದ್ದಳು. "ಇಲ್ಲಿ ಕನ್ನಡಿ ಇಲ್ಲ ಅಕ್ಕಾ, ಆರಾಮಾಗಿದ್ದೀನಿ" ಅಂದಿದ್ದಳು ಒಮ್ಮೆ. ಹೃದಯದ ತೊಂದರೆ ಅಂತ ಗೊತ್ತಾದ ಮೇಲೂ ಹೋಗುತ್ತಿದ್ದಳು. ಕೊನೆಯ ಎರಡು ತಿಂಗಳು ಮಾತ್ರ ಮನೆಯಲ್ಲಿದ್ದಳು. ನೋಡಲು ಹೋದರೆ ಧಾರಾವಾಹಿ ಹಾಕಿಕೊಂಡು, "ನೋಡಿ ಅಕ್ಕಾ, ಈ ಅತ್ತೆಗೆ ಯಾವ ಕಲರ್ ಉಡಿಸ್ಬೇಕೋ ಗೊತ್ತೇ ಇಲ್ಲ ಇವ್ರಿಗೆ" ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಮಗಳು ಕವಿತಾ ಫೋನ್ ಮಾಡಿದಳು. ನನ್ನನ್ನು ಪೆರಿಯಮ್ಮ ಅನ್ನುತ್ತಾಳೆ, ದೊಡ್ಡಮ್ಮ ಅಂತ.

"ಪೆರಿಯಮ್ಮ, ಅಮ್ಮ ಹೋಗ್ಬಿಟ್ರು" ಅಂದಳು. ಸ್ವಲ್ಪ ಹೊತ್ತು ಬರೀ ಅಳು. ಆಮೇಲೆ, "ಮಧ್ಯಾಹ್ನ ಎತ್ತುತ್ತಾರಂತೆ. ಅಮ್ಮನ ಕಡೆಯಿಂದ ಯಾರು ಬರ್ತಾರೆ ಅಂತ ಎಲ್ಲಾ ಕೇಳ್ತಿದ್ದಾರೆ. ಯಾರೂ ಇಲ್ಲ ಅಂದ್ರೆ ಅಪ್ಪನ ಕಡೆಯೋರೇ ಏನಾದ್ರೂ ಹೊದಿಸ್ತೀವಿ ಅಂತಿದ್ದಾರೆ."

"ನಾನು ಬರೋವರೆಗೂ ಎತ್ಬೇಡಿ ಅನ್ನು" ಅಂದೆ.

ದೊಮ್ಮಲೂರಿನಿಂದ ಹಲಸೂರು ಹತ್ತಿರ. ದಾರಿಯಲ್ಲಿ ಸೀರೆ ಅಂಗಡಿಗಳೂ ಇವೆ. ಆದರೆ ನನಗೆ ಆ ಅಂಗಡಿಯದ್ದೇ ಬೇಕಿತ್ತು, ಅವಳಿಗೆ ಬೇಡ ಅಂದ ಜಾಗದಿಂದಲೇ ತರಬೇಕಿತ್ತು. ಆಟೋ ಹಿಡಿದು ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಆಗಷ್ಟೇ ಶಟರ್ ಎತ್ತುತ್ತಿದ್ದರು. ಹಾಡು ಹಾಕಿದ್ದರು, ಸುಗಂಧ ಸಿಂಪಡಿಸಿದ್ದರು. ನನ್ನನ್ನು ಗುರುತಿಸುವವರು ಯಾರೂ ಉಳಿದಿರಲಿಲ್ಲ. ಕೌಂಟರಿನಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ಭಾಗ್ಯ ಅಂತಿತ್ತು. ಕಪ್ಪಗಿದ್ದಳು, ಕಣ್ಣು ದೊಡ್ಡವು.

"ಬನ್ನಿ ಆಂಟಿ. ಯಾವ ಫಂಕ್ಷನ್‌ಗೆ?" ಅಂದಳು. ಕಲಿಸಿದ ಪ್ರಶ್ನೆ.

"ಒಂದೇ ಸೀರೆ ಸಾಕಮ್ಮ. ಬಾಳೆ ಸುಳಿ ಹಸಿರು, ನೇರಳೆ ಅಂಚು."

"ಪ್ಯಾರಟ್ ಗ್ರೀನಾ ಆಂಟಿ, ಪಿಸ್ತಾನಾ?"

"ಎರಡೂ ಅಲ್ಲ." ನಾನೇ ಕಪಾಟಿನ ಕಡೆ ಕೈ ತೋರಿಸಿದೆ, ಮೇಲಿನಿಂದ ಮೂರನೆಯ ಸಾಲು. ಅವಳು ಎಳೆದಳು. ಅದೇ ಹಸಿರು. ಅಂಚು ನೇರಳೆ, ಸಣ್ಣ ಜರಿ. ನಾನು ಮುಟ್ಟಿ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದೆ.

"ಫಾಲ್, ಪಿಕೋ ಮಾಡಿಸ್ಬೇಕಾ ಆಂಟಿ? ಅರ್ಧ ಗಂಟೇಲಿ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಕೌಂಟರಿನ ಕೆಳಗೆ ಕೈಹಾಕಿ ಏನೋ ಒತ್ತಿದಳು, ನಮ್ಮ ತಲೆಯ ಮೇಲಿನ ಹಾಡು ನಿಂತಿತು. ಸೀರೆಯನ್ನು ಹೆಗಲಿಗೆ ಹಾಕದೆ, ಗಾಜಿನ ಮೇಲೇ ಮೆಲ್ಲಗೆ ಬಿಚ್ಚಿ ಹರಡಿದಳು.

"ಯಾರಮ್ಮ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?" ಅಂದೆ.

"ಸ್ಟಾಕ್ ರೂಮಲ್ಲಿ ಒಬ್ರು ಶಾಂತಕ್ಕ ಅಂತ ಇದ್ರು ಆಂಟಿ. ಊಟದ ಟೈಮಲ್ಲಿ ನಮ್ಗೆಲ್ಲಾ ಹೇಳ್ತಿದ್ರು, ಹಿಂಗೆ ಬರೋರು ಇರ್ತಾರೆ ನೋಡ್ಕೊಳ್ಳಿ ಅಂತ. ಈಗ ಹುಷಾರಿಲ್ಲ, ಮನೇಲಿದ್ದಾರೆ."

ಅವಳು ಹೋದದ್ದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಇಬ್ಬರೂ ಅಲ್ಲೇ ಕುಸಿಯುತ್ತಿದ್ದೆವು, ಮಧ್ಯಾಹ್ನದೊಳಗೆ ನಾನು ಹಲಸೂರು ತಲುಪಬೇಕಿತ್ತು. ಆದರೆ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಉಡೋಳು ನಿನ್ನ ಬಣ್ಣದೋಳೇ ಕಣಮ್ಮ. ಚೆನ್ನಾಗಿ ಕಾಣುತ್ತೆ ಅಲ್ವಾ?"

ಭಾಗ್ಯ ಸೀರೆಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಸೆರಗನ್ನು ಎತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ಬೇಡ ಬೇಡ, ಹಾಕ್ಬಾರ್ದು" ಅಂತ ನಾನು ಕೈ ಅಡ್ಡ ಹಿಡಿದೆ.

"ಗೊತ್ತು ಆಂಟಿ. ಪರ್ವಾಗಿಲ್ಲ, ನೀವು ನೋಡ್ಕೊಳ್ಳಿ" ಅಂದಳು.

ನೋಡಿದೆ. ಆ ಶುಕ್ರವಾರದ ಮಧ್ಯಾಹ್ನ ಕನ್ನಡಿಯಲ್ಲಿ ಕಂಡದ್ದೇ ಕಂಡಿತು. ಎಳೆ ಹಸಿರು ಆ ಕಪ್ಪು ಕತ್ತಿನ ಪಕ್ಕದಲ್ಲಿ ದೀಪ ಹಚ್ಚಿದ ಹಾಗಿತ್ತು. ಅಷ್ಟು ವರ್ಷ ಅದನ್ನು ನನ್ನ ಹೆಗಲ ಮೇಲೆ ಹಾಕಿ ಮಾರಿದ್ದೆವಲ್ಲ ಅಂತ ನನಗೆ ಸಿಟ್ಟು ಬಂತು, ಸೇಠ್ ಮೇಲೆ, ನನ್ನ ಮೇಲೆ. ಅಳುವೂ ಬಂತು. ಹುಡುಗಿ ಸೆರಗನ್ನು ಹೆಗಲಿಂದ ತೆಗೆದಳು. ಮಡಿಸಿ, ಹೊಳೆಯುವ ಚೀಲ ಬಿಟ್ಟು ಬರೀ ಕಾಗದದಲ್ಲಿ ಸುತ್ತಿ ಕೊಟ್ಟಳು. ಬಾಗಿಲಿನವರೆಗೂ ಬಂದಳು. ಅಲ್ಲಿ ನಿಂತವನು ಎಲ್ಲರಿಗೂ ಕೈಮುಗಿದು ಮತ್ತೆ ಬನ್ನಿ ಅನ್ನುವವನು, ಅವನು ಬಾಯಿ ತೆಗೆಯುವ ಮೊದಲೇ ಬೇಡ ಅಂತ ಕೈಸನ್ನೆ ಮಾಡಿದಳು. ಮಕ್ಕಳೇ, ಈ ಕೆಲಸದಲ್ಲಿ ನಾನು ಹೇಳಿಕೊಡಬೇಕಾದದ್ದು ಇಷ್ಟೇ, ಅದನ್ನು ಶಾಂತಾ ನನಗಿಂತ ಮೊದಲೇ ಹೇಳಿಕೊಟ್ಟಾಗಿತ್ತು.

ಹಲಸೂರಿನ ಆ ಗಲ್ಲಿಯಲ್ಲಿ ಶಾಮಿಯಾನ ಹಾಕಿದ್ದರು. ಮುರುಗೇಶ್ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಶಾಂತಾಳನ್ನು ಮನೆಯ ಮುಂದೆ ಮಲಗಿಸಿದ್ದರು. ಹಣೆಗೆ ದೊಡ್ಡ ಕುಂಕುಮ ಇಟ್ಟಿದ್ದರು. ಮುರುಗೇಶನ ಕಡೆಯ ಹಿರಿಯ ಹೆಂಗಸೊಬ್ಬರು ಗಟ್ಟಿಯಾಗಿ ಕೇಳಿದರು, ಪಿರಂದ ವೀಟಿನವರು, ತವರಿನವರು, ಯಾರಾದರೂ ಇದ್ದೀರಾ ಅಂತ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಮುಂದೆ ಹೋದೆ. "ನಾನಿದ್ದೀನಿ" ಅಂದೆ.

"ನೀವು ಯಾರಮ್ಮ?"

"ಅಕ್ಕ" ಅಂದೆ. ಕವಿತಾ ಬಂದು ನನ್ನ ತೋಳು ಹಿಡಿದುಕೊಂಡಳು. ಆಕೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಕಾಗದ ಬಿಚ್ಚಿ ಸೀರೆ ಹೊದಿಸಿದೆ. ಜರಿ ಮೇಲೆ ಬರುವ ಹಾಗೆ ಮಡಿಕೆ ಸರಿ ಮಾಡಿ, ಸೆರಗನ್ನು ತಂದು ಅವಳ ಹೆಗಲ ಮೇಲೆ ಇಟ್ಟೆ. ಹಿಂದಿನಿಂದ ಯಾರೂ ಬೇಡ ಅನ್ನಲಿಲ್ಲ. "ಎಷ್ಟು ಚೆನ್ನಾಗಿದೆ ನೋಡು" ಅಂತ ಯಾರೋ ಹೆಂಗಸು ಇನ್ನೊಬ್ಬಳಿಗೆ ಪಿಸುಗುಟ್ಟಿದಳು. ಅದು ಶಾಂತಾಗೆ ಕೇಳಿಸಬೇಕಿತ್ತು.

ಎತ್ತುವ ಹೊತ್ತಾಯಿತು, ಏಳಿ ಅಂದರು. ಸಾವಿನ ಮನೆಯಲ್ಲಿ ಹೋಗಿಬರ್ತೀನಿ ಅನ್ನಬಾರದು, ಅದೂ ನನಗೆ ಗೊತ್ತು. ಆ ಮೊದಲ ಎಡವಟ್ಟಿನ ನಂತರ ಅಂಗಡಿ ಬಿಡುವವರೆಗೆ, ಅಂಥ ಒಬ್ಬ ಗಿರಾಕಿಗೂ ನಾನು ಮತ್ತೆ ಬನ್ನಿ ಅಂದವಳಲ್ಲ. ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿಟ್ಟು, ಯಾರಿಗೂ ಕೇಳದ ಹಾಗೆ, "ಮತ್ತೆ ಬಾರೇ ಶಾಂತಾ" ಅಂದೆ.